ಮೂರು ಬಿಟ್‌ಗಳು ಒಪ್ಪಿದರಷ್ಟೇ ಇಂಟರಪ್ಟ್

ಇಂಟರಪ್ಟ್ ಎಂದರೇನು ಎಂದು ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಕೇಳಿ ನೋಡಿ. "ಹೊರಗಿನಿಂದ ಸಿಗ್ನಲ್ ಬಂದ ಕೂಡಲೇ ಪ್ರೊಸೆಸರ್ ಕೈಯಲ್ಲಿರುವ ಕೆಲಸ ಬಿಟ್ಟು ಇಂಟರಪ್ಟ್ ಸರ್ವಿಸ್ ರೂಟೀನ್‌ಗೆ, ಅಂದರೆ ಐಎಸ್‌ಆರ್‌ಗೆ ಹೋಗುತ್ತದೆ" ಎಂಬ ಉತ್ತರ ಬರುತ್ತದೆ. ಈ ಉತ್ತರಕ್ಕೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ, ಬೋರ್ಡಿನ ಮುಂದೆ ಕೂತಾಗ ಮಾತ್ರ ಇದು ಸಾಲದು. ಬಟನ್ ಒತ್ತದೆಯೇ ಇಂಟರಪ್ಟ್ ಬಂತು, ಒಮ್ಮೆ ಒತ್ತಿದರೆ ನಾಲ್ಕು ಸಲ ಎಣಿಸಿತು, ಪ್ರೋಗ್ರಾಂ ತಾನಾಗಿಯೇ ಮತ್ತೆ ಶುರುವಾಯಿತು ಎಂಬ ದೂರುಗಳಲ್ಲಿ ಬಹುಪಾಲಿಗೆ ಕಾರಣ ಈ ಅರ್ಧ ಸತ್ಯವೇ. ಉಳಿದರ್ಧ ಇಂಟರಪ್ಟ್ ನಿಯಂತ್ರಣ ರಿಜಿಸ್ಟರ್‌ಗಳಲ್ಲಿದೆ.

ಆರ್ಡುಯಿನೊ ಯುನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅಟ್ಮೆಲ್ ರೂಪಿಸಿದ, 2016ರಿಂದ ಮೈಕ್ರೊಚಿಪ್ ಕಂಪನಿಯ ಪಾಲಾದ ಈ 8 ಬಿಟ್ ಚಿಪ್ಪು ಅಗ್ಗ, ಎಲ್ಲೆಡೆ ಸಿಗುತ್ತದೆ. ಒಳಗೆ ನಡೆಯುವುದನ್ನು ಒಂದೊಂದೇ ಬಿಟ್ ಹಿಡಿದು ನೋಡಲು ಇದಕ್ಕಿಂತ ಒಳ್ಳೆಯ ಚಿಪ್ ಇಲ್ಲ ಎಂಬುದು ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ಸಿಗ್ನಲ್ ಬಂದರೆ ಸಾಕು, ಐಎಸ್‌ಆರ್ ಓಡುತ್ತದೆ

ವಾಸ್ತವದಲ್ಲಿ ಸಿಗ್ನಲ್‌ಗೂ ಐಎಸ್‌ಆರ್‌ಗೂ ನಡುವೆ ಮೂರು ಬೇರೆ ಬೇರೆ ಬಿಟ್‌ಗಳಿವೆ. ಘಟನೆ ನಡೆಯಿತೇ ಎಂಬುದನ್ನು ಬರೆದಿಡುವುದು ಫ್ಲ್ಯಾಗ್ ಬಿಟ್. ಈ ಮೂಲದಿಂದ ಇಂಟರಪ್ಟ್ ಬೇಕೇ ಎಂಬುದನ್ನು ಹೇಳುವುದು ಎನೇಬಲ್ ಬಿಟ್, ಅಂದರೆ ಮಾಸ್ಕ್. ಸದ್ಯ ಯಾವುದಾದರೂ ಇಂಟರಪ್ಟ್‌ಗೆ ಅವಕಾಶವಿದೆಯೇ ಎಂಬುದನ್ನು ತೀರ್ಮಾನಿಸುವುದು ಗ್ಲೋಬಲ್ ಬಿಟ್. ಮೂರೂ 1 ಆಗಿದ್ದರೆ ಮಾತ್ರ ಪ್ರೊಸೆಸರ್ ದಾರಿ ಬದಲಿಸುತ್ತದೆ.

ಯುನೊ ಬೋರ್ಡಿನ 2ನೇ ಪಿನ್‌ಗೆ ಬಟನ್ ಜೋಡಿಸಿದ್ದೀರಿ ಎನ್ನಿ. ಅದು ಚಿಪ್ಪಿನ ಇಂಟ್0. ಯಾವ ಬಗೆಯ ಬದಲಾವಣೆಗೆ ಸ್ಪಂದಿಸಬೇಕು ಎಂಬುದು ಇಐಸಿಆರ್‌ಎ ರಿಜಿಸ್ಟರ್‌ನ ಕೆಳಗಿನ ಎರಡು ಬಿಟ್‌ಗಳಲ್ಲಿದೆ: 00 ಇದ್ದರೆ ಪಿನ್ ಲೋ ಇರುವಷ್ಟೂ ಹೊತ್ತು, 01 ಇದ್ದರೆ ಯಾವುದೇ ಬದಲಾವಣೆಗೆ, 10 ಇದ್ದರೆ ಹೈನಿಂದ ಲೋಗೆ ಇಳಿದಾಗ, 11 ಇದ್ದರೆ ಲೋನಿಂದ ಹೈಗೆ ಏರಿದಾಗ. ಕೊನೆಯ ಮೂರು ಎಡ್ಜ್ ಬಗೆಗಳು, ಅವುಗಳಲ್ಲಿ ಫ್ಲ್ಯಾಗ್ ಏಳುವುದು ಇಐಎಫ್‌ಆರ್‌ನ 0ನೇ ಬಿಟ್‌ನಲ್ಲಿ. ಮಾಸ್ಕ್ ಇರುವುದು ಇಐಎಂಎಸ್‌ಕೆಯ 0ನೇ ಬಿಟ್‌ನಲ್ಲಿ. ಗ್ಲೋಬಲ್ ಬಿಟ್ ಎಸ್‌ರೆಗ್ ಎಂಬ ಸ್ಟೇಟಸ್ ರಿಜಿಸ್ಟರ್‌ನ 7ನೇ ಬಿಟ್. ಅದನ್ನು ಎಸ್‌ಇಐ ಸೂಚನೆ 1 ಮಾಡುತ್ತದೆ, ಸಿಎಲ್‌ಐ ಸೂಚನೆ 0 ಮಾಡುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ತರಗತಿಗಳಲ್ಲಿ 8051 ಮೈಕ್ರೊಕಂಟ್ರೋಲರ್ ಕಲಿತವರಿಗೆ ಇದು ಹೊಸದಲ್ಲ. ಅಲ್ಲಿನ ಐಇ ರಿಜಿಸ್ಟರ್‌ನ 7ನೇ ಬಿಟ್ ಇಎ ಮಾಡುವುದೂ ಇದೇ ಕೆಲಸ.

"ಕೂಡಲೇ" ಎಂಬ ಮಾತೂ ಪೂರ್ತಿ ಸರಿಯಲ್ಲ. ನಡೆಯುತ್ತಿರುವ ಸೂಚನೆ ಮುಗಿಯಬೇಕು. ಆಮೇಲೆ ಕನಿಷ್ಠ 4 ಕ್ಲಾಕ್ ಸೈಕಲ್‌ಗಳಲ್ಲಿ ಮರಳುವ ವಿಳಾಸ ಸ್ಟ್ಯಾಕ್ ಸೇರುತ್ತದೆ. ನಂತರ ವೆಕ್ಟರ್ ಕೋಷ್ಟಕದಿಂದ ಐಎಸ್‌ಆರ್‌ಗೆ ಜಿಗಿಯಲು ಸಾಮಾನ್ಯವಾಗಿ ಇನ್ನೂ 3 ಸೈಕಲ್ ಬೇಕು. 16 ಮೆಗಾಹರ್ಟ್ಸ್‌ನಲ್ಲಿ ಇದು ಅರ್ಧ ಮೈಕ್ರೊಸೆಕೆಂಡಿಗೂ ಕಡಿಮೆ. ಆದರೆ ಸಿ ಭಾಷೆಯ ಐಎಸ್‌ಆರ್ ಮೊದಲು ರಿಜಿಸ್ಟರ್‌ಗಳನ್ನು ಉಳಿಸಿಕೊಳ್ಳಬೇಕಾದ್ದರಿಂದ ನಿಮ್ಮ ಮೊದಲ ಸಾಲು ಓಡುವುದು ಇನ್ನಷ್ಟು ತಡವಾಗಿ.

ತಪ್ಪು ಕಲ್ಪನೆ: ಮಾಸ್ಕ್ 0 ಇದ್ದರೆ ಚಿಪ್ಪು ಆ ಘಟನೆಯನ್ನು ಗಮನಿಸುವುದೇ ಇಲ್ಲ

ಬಟನ್ ಒತ್ತದೆಯೇ ಬರುವ ಇಂಟರಪ್ಟ್‌ನ ಗುಟ್ಟು ಇಲ್ಲಿದೆ. ಮಾಸ್ಕ್ ತಡೆಯುವುದು ಐಎಸ್‌ಆರ್‌ಗೆ ಹೋಗುವ ದಾರಿಯನ್ನು ಮಾತ್ರ, ಫ್ಲ್ಯಾಗ್ ಏಳುವುದನ್ನಲ್ಲ. ಇಐಸಿಆರ್‌ಎಯಲ್ಲಿ ಎಡ್ಜ್ ಆಯ್ಕೆ ಮಾಡಿದ್ದರೆ, ಮಾಸ್ಕ್ 0 ಇರುವಾಗಲೂ ಪಿನ್‌ನಲ್ಲಿ ಆದ ಬದಲಾವಣೆ ಇಐಎಫ್‌ಆರ್‌ನಲ್ಲಿ ದಾಖಲಾಗುತ್ತದೆ. ಆರ್ಡುಯಿನೊದ ಡಿಟ್ಯಾಚ್‌ಇಂಟರಪ್ಟ್ ಬರೀ ಮಾಸ್ಕ್ ತೆಗೆಯುತ್ತದೆ. ಆ ನಡುವೆ ಯಾರಾದರೂ ಬಟನ್ ಒತ್ತಿದ್ದರೆ ಫ್ಲ್ಯಾಗ್ ಎದ್ದು ಕಾಯುತ್ತಿರುತ್ತದೆ. ನೀವು ಮತ್ತೆ ಅಟ್ಯಾಚ್‌ಇಂಟರಪ್ಟ್ ಕರೆದ ಕ್ಷಣ ಆ ಹಳೆಯ ಘಟನೆಗೆ ಐಎಸ್‌ಆರ್ ಓಡುತ್ತದೆ. ಎಷ್ಟೋ ಜನ ಇದನ್ನು ವೈರಿನ ದೋಷವೆಂದು ಭಾವಿಸಿ ಬ್ರೆಡ್‌ಬೋರ್ಡ್ ಬದಲಿಸುತ್ತಾರೆ.

ಕ್ರಮ ಹೀಗಿರಲಿ: ಮೊದಲು ಮಾಸ್ಕ್ 0 ಮಾಡಿ, ಎಡ್ಜ್ ಆರಿಸಿ, ಹಳೆಯ ಫ್ಲ್ಯಾಗ್ ಅಳಿಸಿ, ಕೊನೆಗೆ ಮಾಸ್ಕ್ 1 ಮಾಡಿ. ಎಡ್ಜ್ ಬಿಟ್‌ಗಳನ್ನು ಬದಲಿಸುವುದರಿಂದಲೇ ಫ್ಲ್ಯಾಗ್ ಏಳಬಹುದು. ಹಾಗಾಗಿ ಅಳಿಸುವ ಹೆಜ್ಜೆ ಅದರ ನಂತರವೇ ಬರಬೇಕು.

ಮಾಸ್ಕ್ 0 ಇದ್ದರೂ ಫ್ಲ್ಯಾಗ್ ಏಳುವುದರಿಂದ ಒಂದು ಉಪಯೋಗವೂ ಇದೆ. ಇಂಟರಪ್ಟ್ ಬಳಸದೆ, ಟೈಮರ್‌ನ ಟಿಐಎಫ್‌ಆರ್1 ರಿಜಿಸ್ಟರನ್ನು ಮುಖ್ಯ ಲೂಪಿನಲ್ಲೇ ಓದಿ ಕಾಲ ತಿಳಿಯಬಹುದು. ಎಷ್ಟೋ ಕೆಲಸಗಳಿಗೆ ಅಷ್ಟೇ ಸಾಕು.

ತಪ್ಪು ಕಲ್ಪನೆ: ಫ್ಲ್ಯಾಗ್ ಅಳಿಸಲು ಅದಕ್ಕೆ 0 ಬರೆಯಬೇಕು

ಈ ಚಿಪ್ಪು ಸೇರಿದ ಎವಿಆರ್ ಕುಟುಂಬದಲ್ಲಿ ಇಂಥ ಫ್ಲ್ಯಾಗ್ ಅಳಿಯುವುದು 1 ಬರೆದಾಗ. 0 ಬರೆದರೆ ಏನೂ ಆಗುವುದಿಲ್ಲ. ಕೇಳಿದವರಿಗೆ ಇದು ತಲೆಕೆಳಗಾದ ಲೆಕ್ಕದಂತೆ ಕಾಣುತ್ತದೆ, ಆದರೆ ಇದರ ಹಿಂದಿನ ಯೋಚನೆ ಬಹಳ ಜಾಣತನದ್ದು.

0 ಬರೆದರೆ ಅಳಿಯುವಂತಿದ್ದರೆ ಏನಾಗುತ್ತಿತ್ತು? ರಿಜಿಸ್ಟರನ್ನು ಓದಿ, ಒಂದು ಬಿಟ್ ತೆಗೆದು, ಮತ್ತೆ ಬರೆಯಬೇಕಿತ್ತು. ಓದುವುದಕ್ಕೂ ಬರೆಯುವುದಕ್ಕೂ ನಡುವೆ ಇಂಟ್1 ಫ್ಲ್ಯಾಗ್ ಎದ್ದಿತು ಎನ್ನಿ. ನೀವು ಓದಿದಾಗ ಅದು 0 ಆಗಿತ್ತು, ಹಾಗಾಗಿ 0 ಎಂದೇ ಮರಳಿ ಬರೆಯುತ್ತೀರಿ. ಆಗಷ್ಟೇ ಬಂದ ಘಟನೆ ಯಾರಿಗೂ ತಿಳಿಯದಂತೆ ಅಳಿಸಿಹೋಗುತ್ತದೆ. 1 ಬರೆದು ಅಳಿಸುವ ಪದ್ಧತಿಯಲ್ಲಿ ಓದುವ ಅಗತ್ಯವೇ ಇಲ್ಲ. ಬೇಕಾದ ಬಿಟ್‌ಗೆ 1, ಉಳಿದವಕ್ಕೆ 0 ಬರೆದರೆ ಮುಗಿಯಿತು, ಬೇರೆ ಫ್ಲ್ಯಾಗ್‌ಗಳಿಗೆ ಧಕ್ಕೆಯಿಲ್ಲ.

ಹಾಗಾಗಿ "ಇಐಎಫ್‌ಆರ್ = 1" ಎಂದು ನೇರವಾಗಿ ಬರೆಯಿರಿ. "ಇಐಎಫ್‌ಆರ್ |= 1" ಎಂದು ಬರೆಯುವ ಅಭ್ಯಾಸ ಬಿಡಿ. ಎರಡನೆಯದು ಮೊದಲು ಓದುತ್ತದೆ, ಆಗ ಎದ್ದಿರುವ ಎಲ್ಲ ಫ್ಲ್ಯಾಗ್‌ಗಳೂ 1 ಎಂದು ಸಿಗುತ್ತವೆ, ಎಲ್ಲಕ್ಕೂ ಮರಳಿ 1 ಬರೆದು ಎಲ್ಲವನ್ನೂ ಅಳಿಸಿಬಿಡುತ್ತದೆ. ಎಟಿಮೆಗಾ328ಪಿಯಲ್ಲಿ ಕಂಪೈಲರ್ ಇಂಥ ಸಾಲನ್ನು ಹೆಚ್ಚಾಗಿ ಎಸ್‌ಬಿಐ ಎಂಬ ಒಂದೇ ಸೂಚನೆಯಾಗಿ ಮಾರ್ಪಡಿಸುತ್ತದೆ. ಈ ಚಿಪ್ಪಿನಲ್ಲಿ ಎಸ್‌ಬಿಐ ಆ ಒಂದು ಬಿಟ್‌ನ ಮೇಲೆ ಮಾತ್ರ ಕೆಲಸ ಮಾಡುವುದರಿಂದ ತಪ್ಪು ಹೊರಗೆ ಕಾಣುವುದಿಲ್ಲ. ಎಟಿಮೆಗಾ8ರ ಟಿಐಎಫ್‌ಆರ್ ರಿಜಿಸ್ಟರ್ ಎಸ್‌ಬಿಐ ತಲುಪುವ ವಿಳಾಸಗಳಾಚೆ ಇದೆ, ಹಾಗಾಗಿ ಇದೇ ಬಗೆಯ ಸಾಲನ್ನು ಅದರ ಮೇಲೆ ಬಳಸಿದರೆ ತಪ್ಪು ಹೊರಬೀಳುತ್ತದೆ. ಒಂದು ಟೈಮರ್‌ನ ಫ್ಲ್ಯಾಗ್ ಅಳಿಸಲು ಹೋಗಿ ಇನ್ನೊಂದರದ್ದನ್ನೂ ಕಳೆದುಕೊಳ್ಳುತ್ತೀರಿ.

ತಪ್ಪು ಕಲ್ಪನೆ: ಐಎಸ್‌ಆರ್ ಓಡಿದರೆ ಫ್ಲ್ಯಾಗ್ ತಾನೇ ಅಳಿಯುತ್ತದೆ

ಇಂಟ್0ಗೆ, ಟೈಮರ್‌ಗಳಿಗೆ ಇದು ನಿಜ. ಎಲ್ಲಕ್ಕೂ ನಿಜವಲ್ಲ. ಸೀರಿಯಲ್ ಪೋರ್ಟ್‌ಗೆ ಬಂದ ಅಕ್ಷರವನ್ನು ನೀವು ಓದುವವರೆಗೂ ಅದರ ಫ್ಲ್ಯಾಗ್ ಇಳಿಯುವುದಿಲ್ಲ. ಓದದೆ ಮರಳಿದರೆ ಅದೇ ಐಎಸ್‌ಆರ್ ಮತ್ತೆ ಮತ್ತೆ ಓಡುತ್ತದೆ. 8051ರಲ್ಲಿ ಸೀರಿಯಲ್‌ನ ಟಿಐ, ಆರ್‌ಐ ಫ್ಲ್ಯಾಗ್‌ಗಳನ್ನು ಪ್ರೋಗ್ರಾಂ ಬರೆದವರೇ ಅಳಿಸಬೇಕು, ಟೈಮರ್ ಓವರ್‌ಫ್ಲೋ ಫ್ಲ್ಯಾಗನ್ನು ಹಾರ್ಡ್‌ವೇರೇ ಅಳಿಸುತ್ತದೆ. ಎಸ್‌ಟಿಎಂ32 ಚಿಪ್ಪುಗಳ ಹೊರಗಿನ ಇಂಟರಪ್ಟ್‌ಗಳಲ್ಲಿ ಪೆಂಡಿಂಗ್ ಬಿಟ್ ಅಳಿಸುವ ಹೊಣೆ ನಿಮ್ಮದೇ. ಚಿಪ್ಪಿನಿಂದ ಚಿಪ್ಪಿಗೆ, ಒಂದೇ ಚಿಪ್ಪಿನಲ್ಲೂ ಮೂಲದಿಂದ ಮೂಲಕ್ಕೆ ನಿಯಮ ಬೇರೆ.

ತಪ್ಪು ಕಲ್ಪನೆ: ಸಿಎಲ್‌ಐ ಹಾಕಿದರೂ ಏನೂ ಕಳೆದುಹೋಗುವುದಿಲ್ಲ, ಎಲ್ಲ ಸರದಿಯಲ್ಲಿ ಕಾಯುತ್ತವೆ

ಅಲ್ಲಿ ಸರದಿ ಇಲ್ಲ, ಇರುವುದು ಒಂದು ಬಿಟ್. ಗ್ಲೋಬಲ್ ಬಿಟ್ 0 ಇದ್ದಾಗ ಒಂದು ಘಟನೆ ನಡೆದರೂ ಫ್ಲ್ಯಾಗ್ 1, ಐದು ನಡೆದರೂ ಫ್ಲ್ಯಾಗ್ 1. ಬಾಗಿಲು ತೆರೆದ ಮೇಲೆ ಐಎಸ್‌ಆರ್ ಓಡುವುದು ಒಮ್ಮೆ ಮಾತ್ರ.

ಬಣ್ಣ ಬದಲಿಸುವ ಡಬ್ಲ್ಯುಎಸ್2812 ಎಲ್‌ಇಡಿ ಸರಗಳನ್ನು ಯುನೊದಿಂದ ನಡೆಸಿದವರು ಇದನ್ನು ಅನುಭವಿಸಿರುತ್ತಾರೆ. ಪ್ರತಿ ಎಲ್‌ಇಡಿಗೆ 24 ಬಿಟ್, ಬಿಟ್‌ಗೆ 1.25 ಮೈಕ್ರೊಸೆಕೆಂಡ್. ಅಲ್ಲಿಗೆ ಎಲ್‌ಇಡಿಗೆ 30 ಮೈಕ್ರೊಸೆಕೆಂಡ್, ನೂರು ಎಲ್‌ಇಡಿಗೆ 3 ಮಿಲಿಸೆಕೆಂಡ್. ಸಮಯ ಬಿಗಿಯಾಗಿರುವುದರಿಂದ ಲೈಬ್ರರಿಗಳು ಅಷ್ಟೂ ಹೊತ್ತು ಇಂಟರಪ್ಟ್ ಮುಚ್ಚಿಡುತ್ತವೆ. ಆರ್ಡುಯಿನೊದ ಮಿಲಿಸ್ ಗಡಿಯಾರ ನಡೆಯುವುದು ಟೈಮರ್0 ಓವರ್‌ಫ್ಲೋ ಇಂಟರಪ್ಟ್‌ನಿಂದ, 1.024 ಮಿಲಿಸೆಕೆಂಡಿಗೊಮ್ಮೆ. ಆ 3 ಮಿಲಿಸೆಕೆಂಡಿನಲ್ಲಿ ಎರಡೋ ಮೂರೋ ಓವರ್‌ಫ್ಲೋ ಆಗಿರುತ್ತವೆ, ಲೆಕ್ಕಕ್ಕೆ ಸಿಗುವುದು ಒಂದೇ. ಪ್ರತಿ ಸಲ ಬಣ್ಣ ಕಳಿಸಿದಾಗಲೂ ಗಡಿಯಾರ ಹಿಂದೆ ಬೀಳುತ್ತದೆ.

ಬಟನ್ ಒಂದು ಸಲ ಒತ್ತಿದರೆ ನಾಲ್ಕಾರು ಸಲ ಎಣಿಸುವ ಸಮಸ್ಯೆಯನ್ನೂ ಇಲ್ಲೇ ಹೇಳಬೇಕು. ಲೋಹದ ತುದಿಗಳು ಕೂಡುವಾಗ ಕೆಲವು ಮಿಲಿಸೆಕೆಂಡ್ ಅದುರುತ್ತವೆ. ಐಎಸ್‌ಆರ್‌ಗೆ ಹೋಗುವಾಗ ಫ್ಲ್ಯಾಗ್ ಅಳಿದಿರುತ್ತದೆ, ಒಳಗಿದ್ದಾಗ ಬಂದ ಮುಂದಿನ ಅದುರು ಅದನ್ನು ಮತ್ತೆ ಎಬ್ಬಿಸುತ್ತದೆ. ಐಎಸ್‌ಆರ್ ಒಳಗೆ ಡಿಲೇ ಹಾಕುವುದು ಪರಿಹಾರವಲ್ಲ, ಅಲ್ಲಿ ಡಿಲೇ ಸರಿಯಾಗಿ ನಡೆಯುವುದೂ ಇಲ್ಲ. ಬಟನ್ನನ್ನು ಟೈಮರ್ ಹಿಡಿದು ಆಗಾಗ ಓದುವುದೇ ಮೇಲು.

ತಪ್ಪು ಕಲ್ಪನೆ: ಹೆಚ್ಚಿನ ಆದ್ಯತೆಯ ಇಂಟರಪ್ಟ್ ಕಡಿಮೆಯದನ್ನು ತಡೆದು ನುಗ್ಗುತ್ತದೆ

ಎಟಿಮೆಗಾ328ಪಿಯಲ್ಲಿ ರೀಸೆಟ್ ಸೇರಿ 26 ವೆಕ್ಟರ್‌ಗಳಿವೆ. ಕೆಳಗಿನ ವಿಳಾಸದಲ್ಲಿರುವುದಕ್ಕೆ ಆದ್ಯತೆ ಹೆಚ್ಚು, ಹಾಗಾಗಿ ರೀಸೆಟ್ ನಂತರ ಇಂಟ್0 ಮೊದಲು. ಆದರೆ ಈ ಆದ್ಯತೆಗೆ ಅರ್ಥವಿರುವುದು ಒಂದಕ್ಕಿಂತ ಹೆಚ್ಚು ಫ್ಲ್ಯಾಗ್‌ಗಳು ಏಕಕಾಲಕ್ಕೆ ಕಾಯುತ್ತಿರುವಾಗ ಯಾವುದನ್ನು ಮೊದಲು ಆರಿಸಬೇಕು ಎಂಬಲ್ಲಿ ಮಾತ್ರ. ಐಎಸ್‌ಆರ್ ಪ್ರವೇಶಿಸುವಾಗ ಹಾರ್ಡ್‌ವೇರ್ ಗ್ಲೋಬಲ್ ಬಿಟ್ಟನ್ನು 0 ಮಾಡುತ್ತದೆ, ಕೊನೆಯ ಆರ್‌ಇಟಿಐ ಸೂಚನೆ ಅದನ್ನು 1 ಮಾಡುತ್ತದೆ. ಕೊನೆಯ ಸ್ಥಾನದಲ್ಲಿರುವ ಇಂಟರಪ್ಟ್‌ನ ಐಎಸ್‌ಆರ್ ನಡೆಯುತ್ತಿದ್ದರೂ ಇಂಟ್0 ಕಾಯಲೇಬೇಕು. ಅದು ಮುಗಿದ ಮೇಲೂ ಮುಖ್ಯ ಪ್ರೋಗ್ರಾಂನ ಒಂದು ಸೂಚನೆ ನಡೆದೇ ಮುಂದಿನ ಇಂಟರಪ್ಟ್.

ನುಗ್ಗುವ ಆದ್ಯತೆ ಬೇರೆಡೆ ಇದೆ. 8051ರ ಐಪಿ ರಿಜಿಸ್ಟರ್ ಎರಡು ಹಂತ ಕೊಡುತ್ತದೆ, ಮೇಲಿನದು ಕೆಳಗಿನದನ್ನು ತಡೆಯಬಲ್ಲದು. ಆರ್ಮ್ ಕಾರ್ಟೆಕ್ಸ್-ಎಂ ಚಿಪ್ಪುಗಳ ಇಂಟರಪ್ಟ್ ನಿಯಂತ್ರಕ ಎನ್‌ವಿಐಸಿಯಲ್ಲಿ ಇನ್ನೂ ಹೆಚ್ಚು ಹಂತಗಳಿವೆ. ಅಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು, ಸಮಾನ ಆದ್ಯತೆಯವು ಒಂದನ್ನೊಂದು ತಡೆಯುವುದಿಲ್ಲ.

ತಪ್ಪು ಕಲ್ಪನೆ: ಹಂಚಿಕೊಂಡ ಅಂಕಿಗೆ ವೊಲಟೈಲ್ ಎಂದು ಬರೆದರೆ ಸುರಕ್ಷಿತ

ವೊಲಟೈಲ್ ಬೇಕು. ಅದಿಲ್ಲದಿದ್ದರೆ ಕಂಪೈಲರ್ ಹಳೆಯ ಬೆಲೆಯನ್ನೇ ಹಿಡಿದು ಕೂರಬಹುದು. ಆದರೆ ಅದೊಂದೇ ಸಾಲದು. ಐಎಸ್‌ಆರ್ ಒಂದು 16 ಬಿಟ್ ಅಂಕಿಯನ್ನು ಏರಿಸುತ್ತಿದೆ, ಅದರ ಬೆಲೆ ಈಗ 255. 8 ಬಿಟ್ ಪ್ರೊಸೆಸರ್ ಅದನ್ನು ಎರಡು ತುಂಡಾಗಿ ಓದುತ್ತದೆ. ಮುಖ್ಯ ಪ್ರೋಗ್ರಾಂ ಕೆಳಗಿನ ಬೈಟ್ ಓದಿತು, 255 ಸಿಕ್ಕಿತು. ಆ ಕ್ಷಣಕ್ಕೆ ಇಂಟರಪ್ಟ್ ಬಂದು ಅಂಕಿ 256 ಆಯಿತು, ಅಂದರೆ ಮೇಲಿನ ಬೈಟ್ 1, ಕೆಳಗಿನದು 0. ಮರಳಿದ ಮೇಲೆ ಮೇಲಿನ ಬೈಟ್ ಓದಿದರೆ 1. ಎರಡನ್ನೂ ಸೇರಿಸಿದರೆ 511. ಈ ಅಂಕಿ 511 ಎಂದೂ ಆಗಿರಲೇ ಇಲ್ಲ. ದಿನಕ್ಕೊಮ್ಮೆ ಕಾಣಿಸಿಕೊಂಡು ಮಾಯವಾಗುವ ತಪ್ಪುಗಳು ಇಂಥವೇ.

ಓದುವಷ್ಟು ಹೊತ್ತು ಇಂಟರಪ್ಟ್ ಮುಚ್ಚಬೇಕು. ಮುಚ್ಚಿ ತೆರೆಯುವುದಕ್ಕೆ ಸಿಎಲ್‌ಐ, ಎಸ್‌ಇಐ ಜೋಡಿಯನ್ನು ಕಣ್ಣುಮುಚ್ಚಿ ಬಳಸಬೇಡಿ. ಮೊದಲೇ ಮುಚ್ಚಿದ್ದ ಸ್ಥಿತಿಯಲ್ಲಿ ಈ ಜೋಡಿ ಇರುವ ಫಂಕ್ಷನ್ ಕರೆದರೆ ಎಸ್‌ಇಐ ಅಕಾಲದಲ್ಲಿ ತೆರೆದುಬಿಡುತ್ತದೆ. ಎಸ್‌ರೆಗ್ ಉಳಿಸಿಟ್ಟು, ಸಿಎಲ್‌ಐ ಹಾಕಿ, ಕೆಲಸ ಮುಗಿದ ಮೇಲೆ ಉಳಿಸಿದ್ದನ್ನೇ ಮರಳಿ ಬರೆಯಿರಿ.

ಅಸೆಂಬ್ಲಿಯಲ್ಲಿ ಐಎಸ್‌ಆರ್ ಬರೆಯುವವರು ಇನ್ನೊಂದನ್ನು ನೆನಪಿಡಬೇಕು. ಎವಿಆರ್ ಹಾರ್ಡ್‌ವೇರ್ ಉಳಿಸುವುದು ಮರಳುವ ವಿಳಾಸವನ್ನು ಮಾತ್ರ. ಎಸ್‌ರೆಗ್ ಸೇರಿ ಉಳಿದೆಲ್ಲ ನಿಮ್ಮ ಜವಾಬ್ದಾರಿ. ಕಾರ್ಟೆಕ್ಸ್-ಎಂ ಎಂಟು ರಿಜಿಸ್ಟರ್‌ಗಳನ್ನು ತಾನೇ ಸ್ಟ್ಯಾಕ್‌ಗೆ ಹಾಕುತ್ತದೆ, ಅಲ್ಲಿನ ಅಭ್ಯಾಸ ಇಲ್ಲಿಗೆ ತರಬೇಡಿ.

ತಪ್ಪು ಕಲ್ಪನೆ: ಐಎಸ್‌ಆರ್ ಬರೆಯದಿದ್ದರೆ ಏನೂ ಆಗುವುದಿಲ್ಲ

ಎನೇಬಲ್ ಮಾಡಿ ಐಎಸ್‌ಆರ್ ಬರೆಯದೆ ಬಿಟ್ಟರೆ, ಎವಿಆರ್‌ನ ಜಿಸಿಸಿ ಕಂಪೈಲರ್ ಆ ವೆಕ್ಟರನ್ನು ಪ್ರೋಗ್ರಾಂನ ಆರಂಭಕ್ಕೆ ತಿರುಗಿಸಿರುತ್ತದೆ. ಇಂಟರಪ್ಟ್ ಬಂದಾಗಲೆಲ್ಲ ಎಲ್ಲವೂ ಮೊದಲಿನಿಂದ. ವೆಕ್ಟರ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಇದೇ ಗತಿ. ಕಂಪೈಲರ್ ಎಚ್ಚರಿಕೆ ಕೊಡುತ್ತದೆ, ನಾವು ಓದುವುದಿಲ್ಲ.

ತಪ್ಪು ಕಲ್ಪನೆ: ಇಂಟರಪ್ಟ್ ಬರುವುದು ಇನ್‌ಪುಟ್ ಪಿನ್‌ನಿಂದ ಮಾತ್ರ

ಇಂಟ್0 ಪಿನ್ನನ್ನು ಔಟ್‌ಪುಟ್ ಮಾಡಿ, ಪ್ರೋಗ್ರಾಂನಿಂದಲೇ ಅದರ ಮಟ್ಟ ಬದಲಿಸಿದರೂ ಇಂಟರಪ್ಟ್ ಬರುತ್ತದೆ. ಬಟನ್ ಜೋಡಿಸದೆಯೇ ಐಎಸ್‌ಆರ್ ಪರೀಕ್ಷಿಸಲು ಇದು ಒಳ್ಳೆಯ ದಾರಿ.

ಪ್ರಯೋಗಾಲಯದಲ್ಲಿ ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಅಟ್ಯಾಚ್‌ಇಂಟರಪ್ಟ್ ಕಲಿಸುವ ಮುನ್ನ ಎಟಿಮೆಗಾ328ಪಿ ಡೇಟಾಶೀಟಿನ ಹೊರಗಿನ ಇಂಟರಪ್ಟ್‌ಗಳ ಅಧ್ಯಾಯವನ್ನು ಮಕ್ಕಳೊಂದಿಗೆ ಕೂತು ಓದಿ. ಅದು ಕೆಲವೇ ಪುಟಗಳಷ್ಟಿದೆ, ಒಂದು ತರಗತಿಯ ಅವಧಿ ಸಾಕು.