ಮಗಳ ಹೆಸರಿನಿಂದ ಗುರುತಾದ ತಂದೆ

ಇಂದಿನ ತುರ್ಕಿಯ ದಕ್ಷಿಣ ಕರಾವಳಿಯಲ್ಲಿ, ಅಂತಾಲ್ಯಾ ಪಟ್ಟಣದ ಸಮೀಪ, ಪೆರ್ಗೆ ಎಂಬ ಪ್ರಾಚೀನ ಗ್ರೀಕ್ ನಗರದ ಅವಶೇಷಗಳಿವೆ. ಅದರ ದಕ್ಷಿಣ ದ್ವಾರದ ಎರಡು ದುಂಡು ಗೋಪುರಗಳನ್ನು ದಾಟಿದರೆ ಕುದುರೆಲಾಳದ ಆಕಾರದ ಅಂಗಳವೊಂದು ಎದುರಾಗುತ್ತದೆ. ಕ್ರಿ.ಶ. 2ನೆಯ ಶತಮಾನದ ಆರಂಭದಲ್ಲಿ, ಚಕ್ರವರ್ತಿ ಹೇಡ್ರಿಯನ್‌ನ ಆಳ್ವಿಕೆಯಲ್ಲಿ, ಅದನ್ನು ನವೀಕರಿಸಿ, ಗೋಡೆಯ ಗೂಡುಗಳಲ್ಲಿ ಪ್ರತಿಮೆಗಳನ್ನು ನಿಲ್ಲಿಸಿ, ಒಳಬದಿಗೆ ಮೂರು ಕಮಾನುಗಳ ಹೆಬ್ಬಾಗಿಲನ್ನು ಕಟ್ಟಿಸಿದಾಕೆ ಪ್ಲಾಂಕಿಯಾ ಮಾಗ್ನಾ.

ಅಲ್ಲಿದ್ದ ಪ್ರತಿಮೆಗಳಲ್ಲಿ ನಗರದ ಪುರಾಣಪ್ರಸಿದ್ಧ ಸ್ಥಾಪಕರು ಕೆಲವರು. ಅವರ ಸಾಲಿನಲ್ಲಿಯೇ ಇನ್ನಿಬ್ಬರಿಗೆ ‘ಸ್ಥಾಪಕ’ ಎಂಬ ಬಿರುದು ಸಂದಿದೆ: ಒಬ್ಬ ಈಕೆಯ ತಂದೆ, ಇನ್ನೊಬ್ಬ ಸಹೋದರ. ತಂದೆ ಮಾರ್ಕಸ್ ಪ್ಲಾಂಕಿಯಸ್ ವಾರಸ್ ರೋಮಿನ ಸೆನೆಟ್ ಸದಸ್ಯ, ಬಿಥೀನಿಯಾ ಪ್ರಾಂತದ ಅಧಿಪತಿಯಾಗಿದ್ದವನು. ಆದರೂ ಪೀಠದ ಶಾಸನ ಅವನನ್ನು ಪರಿಚಯಿಸುವುದು ಪ್ಲಾಂಕಿಯಾ ಮಾಗ್ನಾಳ ತಂದೆಯೆಂದು. ಇಂಥವನ ಮಗಳು, ಇಂಥವನ ಮಡದಿ ಎಂದೇ ಹೆಣ್ಣನ್ನು ಗುರುತಿಸುತ್ತಿದ್ದ ಲೋಕದಲ್ಲಿ ಇದು ಸಣ್ಣ ಮಾತಲ್ಲ.

ಅದರ ತೂಕ ತಿಳಿಯಬೇಕಾದರೆ ಅಲ್ಲಿಯ ಕಾನೂನನ್ನು ನೋಡಬೇಕು. ಅಭಿಜಾತ ಯುಗದ ಅಥೆನ್ಸಿನಲ್ಲಿ ಒಂದು ಮೆಡಿಮ್ನಸ್ ಅಳತೆಯ ಬಾರ್ಲಿಯ ಬೆಲೆಗಿಂತ ಹೆಚ್ಚಿನ ವ್ಯವಹಾರವನ್ನು ಹೆಣ್ಣು ಸ್ವತಂತ್ರವಾಗಿ ನಡೆಸುವಂತಿರಲಿಲ್ಲ. ‘ಕೀರಿಯೊಸ್’ ಎಂಬ ಪುರುಷ ಪಾಲಕ ಬೇಕಿತ್ತು. ಮುಂದಿನ ಶತಮಾನಗಳಲ್ಲಿ ಏಷ್ಯಾ ಮೈನರಿನ ನಗರಗಳಲ್ಲಿ ಸಿರಿವಂತ ಮನೆತನದ ಸ್ತ್ರೀಯರ ಕೈಗೆ ಆಸ್ತಿ ಬಂತು. ನಗರಗಳಿಗೆ ದಾನಿಗಳು ಬೇಕಾದರು. ಪ್ರಿಯೇನೆಯಲ್ಲಿ ಕ್ರಿ.ಪೂ. 1ನೆಯ ಶತಮಾನದ ಫೀಲೆ ತನ್ನ ಹಣದಿಂದ ನೀರಿನ ತೊಟ್ಟಿಯನ್ನೂ ಕೊಳವೆಗಳನ್ನೂ ಮಾಡಿಸಿದಳು. ವರ್ಷಕ್ಕೆ ಹೆಸರು ಕೊಡುವ ‘ಸ್ತೆಫಾನೆಫೊರೊಸ್’ ಪದವಿಯನ್ನು ಅಲ್ಲಿ ಪಡೆದ ಮೊದಲ ಮಹಿಳೆಯೆಂದು ಶಾಸನ ಆಕೆಯನ್ನು ಸ್ಮರಿಸುತ್ತದೆ. ಕೀಮೆಯ ಆರ್ಕಿಪ್ಪೆ ನಗರಸಭೆಯ ಭವನಕ್ಕೆ ಹಣವಿತ್ತಳು. ಆದರೆ ಅಂಥ ಸಭೆಯಲ್ಲಿ ಸದಸ್ಯಳಾಗಿ ಕುಳಿತುಕೊಳ್ಳುವ ಹಕ್ಕು ಹೆಣ್ಣಿಗೆ ದೊರೆಯಲಿಲ್ಲ.

ದಾನಕ್ಕೆ ಪ್ರತಿಯಾಗಿ ನಗರ ಕೊಡುತ್ತಿದ್ದುದು ನೆನಪನ್ನು: ಕಿರೀಟ, ಪ್ರತಿಮೆ, ಕಲ್ಲಿನಲ್ಲಿ ಕೊರೆದ ನಿರ್ಣಯ. ಪ್ಲಾಂಕಿಯಾ ಪೆರ್ಗೆಯ ‘ದೆಮಿಯೂರ್ಗೊಸ್’ ಎಂಬ ಅಗ್ರಪದವಿಯಲ್ಲಿದ್ದಳು, ಆರ್ತೆಮಿಸ್ ದೇವಿಯ ಅರ್ಚಕಿಯಾಗಿದ್ದಳು. ಆಕೆಯ ಗೌರವಾರ್ಥ ನಿಲ್ಲಿಸಿದ ಅಮೃತಶಿಲೆಯ ಪ್ರತಿಮೆ, ತಲೆಯ ಮೇಲೆ ಅರ್ಚಕಿಯ ಕಿರೀಟದೊಡನೆ, ಅಂತಾಲ್ಯಾ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಇದನ್ನು ಸ್ತ್ರೀಸಮಾನತೆಯೆಂದು ಕರೆದರೆ ತಪ್ಪಾದೀತು. ಪೆರ್ಗೆಯ ನೆರೆಯ ಸಿಲ್ಲಿಯೋನ್ ನಗರದ ಮೆನೊದೋರಾ ಮಕ್ಕಳ ಪೋಷಣೆಗಾಗಿ 3,00,000 ದಿನಾರಿಗಳನ್ನು ಕೊಟ್ಟ ಮಹಾದಾನಿ. ಆದರೂ ಆಕೆಯ ಹಣ ಹಂಚಿಕೆಯಾದದ್ದು ಅಂತಸ್ತಿನ ಪ್ರಕಾರ: ಸಭಾಸದರಿಗೆ ಹೆಚ್ಚು, ಅವರ ಮಡದಿಯರಿಗೆ ಕಡಿಮೆ. ಫೀಲೆಯ ತೊಟ್ಟಿಯಿಂದ ನೀರು ಹೊತ್ತ ಹೆಂಗಸರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಹಕ್ಕಾಗಿ ಬಾರದ ಸ್ಥಾನ ಹಣವಿದ್ದವರಿಗೆ ಗೌರವವಾಗಿ ಬಂತು. ಗೌರವವನ್ನು ಕೊಡುವ ಅಧಿಕಾರ ಮಾತ್ರ ಪುರುಷರ ಸಭೆಯಲ್ಲಿಯೇ ಉಳಿಯಿತು.

ಆದರೂ ಪೆರ್ಗೆಯ ಕಮಾನಿನ ಸಾಕ್ಷ್ಯವನ್ನು ತಳ್ಳಿಹಾಕಲಾಗದು. ಅಲ್ಲಿಯ ದಾನಶಾಸನ ಎರಡು ಭಾಷೆಗಳಲ್ಲಿದೆ: ಆಳುವವರ ಲ್ಯಾಟಿನ್, ಊರಿನವರ ಗ್ರೀಕ್. ಯಾವ ಭಾಷೆಯಲ್ಲಿ ಓದಿದರೂ ದಾನಿಯ ಸ್ಥಾನದಲ್ಲಿ ಸಿಗುವುದು ಒಬ್ಬಳೇ ಹೆಣ್ಣಿನ ಹೆಸರು.