ಮನೆಯೊಳಗಣ ಬೂಷ್ಟು ಮತ್ತು ವಾಸಗೃಹದ ಗಾಳಿ: ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಕುರಿತು

ಮಂಡ್ಯ ಸೀಮೆಯ ನೀರಾವರಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗದ್ದೆಯ ಬದುವಿನಲ್ಲಿಯೇ ನಿಂತುಬಿಡುತ್ತಾರೆ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಯಿತೆಂದೂ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯು ಹುಲಿಕೆರೆಯ ಸುರಂಗವನ್ನು ಹಾಯ್ದು 1930ರ ದಶಕದಲ್ಲಿ ಒಣಭೂಮಿಗೆ ನೀರು ತಂದಿತೆಂದೂ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತೆಂದೂ, 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತೆಂದೂ ವಿದ್ಯಾರ್ಥಿಗಳು ಬಲ್ಲರು. ಆದರೆ ಗದ್ದೆಯಲ್ಲಿ ಇಂಗಿದ ನೀರು ನೆಲದೊಳಗಿನ ಜಲಮಟ್ಟವನ್ನು ಮೇಲೆತ್ತಿ, ತಗ್ಗಿನ ಊರುಗಳಲ್ಲಿ ಮನೆಯ ತಳಪಾಯವನ್ನೂ ಮುಟ್ಟಬಲ್ಲುದೆಂಬುದು ಅಷ್ಟಾಗಿ ಚರ್ಚಿತವಾಗಿಲ್ಲ. ರಾಗಿ ಬೆಳೆಯುವ ಒಣಸೀಮೆಗೆ ಹೊಂದಿಕೊಂಡಿದ್ದ ಮಣ್ಣಿನ ಗೋಡೆಯು ಜೌಗುನೆಲದ ಮೇಲೆ ಹೇಗೆ ವರ್ತಿಸುತ್ತದೆ, ಅದರೊಳಗೆ ವಾಸಿಸುವವರು ಎಂತಹ ಗಾಳಿಯನ್ನು ಉಸಿರಾಡುತ್ತಾರೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಬೂಷ್ಟೆಂಬುದು ಒಂದು ಬಗೆಯ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇರುತ್ತವೆ. ಮರ, ಹುಲ್ಲು, ಗೋಣಿತಾಟು, ಕಾಗದ, ತೊಗಲು, ಕಡೆಗೆ ಗೋಡೆಗಂಟಿದ ಧೂಳು ಕೂಡ ಅದಕ್ಕೆ ಆಹಾರವೇ. ಬೀಜವನ್ನಾಗಲಿ ಆಹಾರವನ್ನಾಗಲಿ ಮನೆಯಿಂದ ಹೊರಗಿಡುವುದು ಅಸಾಧ್ಯವಾದುದರಿಂದ, ನಮ್ಮ ಕೈಯಲ್ಲಿರುವುದು ತೇವವೊಂದೇ. ಗೋಡೆಯ ಮೈಯನ್ನು ತಾಗಿದ ಗಾಳಿಯ ಸಾಪೇಕ್ಷ ಆರ್ದ್ರತೆಯು ಸುಮಾರು ಶೇಕಡ 80ನ್ನು ಮೀರಿ ಕೆಲವು ದಿನಗಳು ನಿಂತರೆ ಬೂಷ್ಟು ಮೊಳೆಯುತ್ತದೆ.

ಹಳೆಯ ತೊಟ್ಟಿಮನೆಯಲ್ಲಿ ಇದಕ್ಕೆ ತಕ್ಕಮಟ್ಟಿನ ಪರಿಹಾರವಿದ್ದಿತು. ನಾಡಹೆಂಚಿನ ಸಂದಿಗಳಲ್ಲಿ ಗಾಳಿ ಆಡುತ್ತಿತ್ತು. ಒಲೆಯ ಹೊಗೆ ತೊಲೆಗಳನ್ನು ಒಣಗಿಸುತ್ತಿತ್ತು. ಹಬ್ಬಕ್ಕೆ ಬಳಿದ ಸುಣ್ಣದ ಕ್ಷಾರಗುಣವು ಬೂಷ್ಟನ್ನು ತಡೆಯುತ್ತಿತ್ತು. ಹೀಗೆಂದು ಹಿಂದಿನದೆಲ್ಲವೂ ಆರೋಗ್ಯಕರವಾಗಿತ್ತೆಂದು ಹೇಳಲಾಗದು. ತೊಲೆಯನ್ನು ಕಾಪಾಡಿದ ಆ ಹೊಗೆಯೇ ಅಡಿಗೆ ಮಾಡುವ ಹೆಂಗಸರ ಶ್ವಾಸಕೋಶವನ್ನು ಕೆಡಿಸುತ್ತಿತ್ತು. ತಾರಸಿಮನೆಗಳು ಬಂದಮೇಲೆ ಹೊಗೆಯೊಡನೆ ಗಾಳಿಯ ಸಂಚಾರವೂ ಕಡಿಮೆಯಾಯಿತು. ಹಳೆಯ ಮಣ್ಣುಗೋಡೆಗೆ ಸಿಮೆಂಟಿನ ಗಿಲಾವು ಮಾಡಿದಲ್ಲಿ, ಮೊದಲು ಹೊರಕ್ಕೆ ಆರಿಹೋಗುತ್ತಿದ್ದ ತೇವವು ಗೋಡೆಯಲ್ಲಿಯೇ ಉಳಿಯತೊಡಗಿತು.

ಬೂಷ್ಟನ್ನು ಗುರುತಿಸುವ ಪ್ರಯತ್ನ ಬಹು ಪ್ರಾಚೀನವಾದುದು. ಬೈಬಲಿನ ಯಾಜಕಕಾಂಡದಲ್ಲಿ ಗೋಡೆಯ ಹಸುರು ಅಥವಾ ಕೆಂಪು ಕಲೆಗಳನ್ನು ಯಾಜಕನು ಪರೀಕ್ಷಿಸಿ, ಮನೆಯನ್ನು ಏಳು ದಿನ ಮುಚ್ಚಿಸಿ, ಮತ್ತೆ ನೋಡಿ, ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕೀಳಿಸಬೇಕೆಂಬ ವಿಧಿಯಿದೆ. ಕಲೆ ಬೆಳೆಯುತ್ತಿದೆಯೇ ಎಂದು ಕಾದುನೋಡುವ ಆ ಕ್ರಮವು ಇಂದಿಗೂ ಯುಕ್ತವಾದುದೇ.

ನಮ್ಮ ಸೀಮೆಯಲ್ಲಿ ಮೊದಲು ಬಗೆಹರಿಯಬೇಕಾದ ಪ್ರಶ್ನೆ ಬೇರೊಂದಿದೆ. ಜೌಗುನೆಲದ ಮನೆಗಳಲ್ಲಿ ಗೋಡೆಯ ಬುಡದಿಂದ ಮೊಣಕಾಲು ಅಥವಾ ಸೊಂಟದೆತ್ತರದವರೆಗೆ ಬೆಳ್ಳನೆಯ ಪುಡಿ ಕಾಣಿಸಿದರೆ ಅದು ಬೂಷ್ಟೆಂದೇ ಬಗೆಯಬಾರದು. ನೆಲದ ನೀರು ಮಣ್ಣಿನ ಸೂಕ್ಷ್ಮರಂಧ್ರಗಳ ಮೂಲಕ ಏರಿ, ಆರಿಹೋಗುವಾಗ ಬಿಟ್ಟುಹೋದ ಲವಣವು ಹೀಗೆಯೇ ಅರಳಿರುತ್ತದೆ. ಚಿಟಿಕೆಯಷ್ಟನ್ನು ಕೆರೆದು ನೀರಿಗೆ ಹಾಕಿದರೆ ಉಪ್ಪು ಕರಗುತ್ತದೆ, ಬೂಷ್ಟು ಕರಗದು. ಕಪ್ಪು ಕಲೆಯ ಮೇಲೆ ಬಟ್ಟೆ ಬಿಳುಪುಮಾಡುವ ದ್ರಾವಣದ ತೊಟ್ಟಿಟ್ಟಾಗ ಅದು ಬೇಗನೆ ತಿಳಿಯಾದರೆ ಬೂಷ್ಟು, ಆಗದಿದ್ದರೆ ಬಹುಶಃ ಮಸಿ ಅಥವಾ ಧೂಳು. ತೇವದ ಮೂಲವನ್ನು ಅರಿಯಲು ಗೋಡೆಗೆ ಒಂದು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಅಂಚುಗಳೆಲ್ಲವೂ ಮುಚ್ಚುವಂತೆ ಅಂಟಿಸಿ ಎರಡು ದಿನ ಬಿಡಬೇಕು. ಹನಿಗಳು ಹಾಳೆಯ ಹಿಂದೆ ಕೂಡಿದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಗೆ ಕೂಡಿದರೆ ಗಾಳಿಯ ತೇವವೇ ತಣ್ಣನೆಯ ಗೋಡೆಯ ಮೇಲೆ ಇಳಿಯುತ್ತಿದೆ. ಎರಡಕ್ಕೂ ಒಂದೇ ಮದ್ದಿಲ್ಲ. ಮೊದಲನೆಯದಕ್ಕೆ ಕಿಟಕಿ ತೆರೆದರೆ ಸಾಲದು. ಎರಡನೆಯದಕ್ಕೆ ತಳಪಾಯವನ್ನು ಅಗೆಯಿಸುವುದು ವ್ಯರ್ಥವೆಚ್ಚ.

ರೇಷ್ಮೆಯ ಕಸುಬಿನಲ್ಲಿ ಈ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ಟಿಪ್ಪುವಿನ ಕಾಲದಲ್ಲಿ ಮೈಸೂರು ರಾಜ್ಯಕ್ಕೆ ಬಂದ ಈ ಕಸುಬು ಮಳವಳ್ಳಿ, ಮದ್ದೂರು ತಾಲ್ಲೂಕುಗಳಲ್ಲಿಯೂ ಬೇರೂರಿತು. ಪ್ರತ್ಯೇಕ ಸಾಕಣೆಮನೆಯನ್ನು ಕಟ್ಟಲು ಶಕ್ತಿಯಿಲ್ಲದ ಕುಟುಂಬವು ವಾಸದ ಮನೆಯಲ್ಲಿಯೇ ತಟ್ಟೆಗಳನ್ನಿಟ್ಟು ಹುಳು ಸಾಕುತ್ತದೆ. ಎಳೆಯ ಹುಳುವಿಗೆ ಶೇಕಡ 85ರಷ್ಟು, ಬೆಳೆದುದಕ್ಕೆ 70ರಿಂದ 75ರಷ್ಟು ಆರ್ದ್ರತೆ ಬೇಕು. ಎಂದರೆ ಎಳೆಹುಳುವಿಗೆ ಹಿತವಾದ ಗಾಳಿ ಬೂಷ್ಟಿಗೂ ಹಿತವೇ. ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಹುಳುವನ್ನು ಸುಣ್ಣದ ಕಡ್ಡಿಯಂತೆ ಗಟ್ಟಿಮಾಡಿ ಕೊಲ್ಲುವ ಸುಣ್ಣಕಟ್ಟು ರೋಗವು ಶಿಲೀಂಧ್ರದ್ದೇ. ಇಟಲಿಯ ಅಗೊಸ್ಟಿನೊ ಬಾಸಿಯು 1835ರಲ್ಲಿ ಇದನ್ನು ತೋರಿಸಿದನು. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗವನ್ನು ತರುತ್ತದೆಂಬುದಕ್ಕೆ ದೊರೆತ ಆದಿಯ ಪ್ರಮಾಣಗಳಲ್ಲಿ ಅದೊಂದು. ಹುಳು ಸತ್ತರೆ ನಷ್ಟವು ಕೂಡಲೆ ಲೆಕ್ಕಕ್ಕೆ ಸಿಕ್ಕುತ್ತದೆ. ಅದೇ ಕೋಣೆಯಲ್ಲಿ ಮಲಗುವ ಮಗುವಿನ ಕೆಮ್ಮನ್ನು ಯಾರೂ ಲೆಕ್ಕವಿಡುವುದಿಲ್ಲ. ಸೋಂಕು ಕಳೆಯಲು ಬಳಸುವ ಫಾರ್ಮಲಿನ್ ಸಹ ಉಸಿರಿಗೆ ಉಗ್ರವಾದುದು. ವಾಸದ ಮನೆಯಲ್ಲಿ ಅದನ್ನು ಸಿಂಪಡಿಸುವುದು ಒಂದು ಕೇಡಿಗೆ ಇನ್ನೊಂದನ್ನು ಸೇರಿಸಿದಂತೆ. ಸಾಕಣೆಯ ಕೋಣೆಯನ್ನು ಮಲಗುವ ಕೋಣೆಯಿಂದ ಬೇರ್ಪಡಿಸಬೇಕಾದುದು ಹುಳುವಿನಷ್ಟೇ ಮನುಷ್ಯರ ಸಲುವಾಗಿಯೂ ಅವಶ್ಯಕವೆಂದು ನಮ್ಮ ಮತ.

ರಾಗಿಯನ್ನು ತುಂಬುವ ಹಗೇವನ್ನು ತೆರೆದಾಗ ಮೊದಲು ದೀಪವನ್ನಿಳಿಸಿ ನೋಡುವ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಧಾನ್ಯವೂ ಬೂಷ್ಟೂ ಉಸಿರಾಡಿ ಆಮ್ಲಜನಕವನ್ನು ಮುಗಿಸಿರುವಲ್ಲಿ ದೀಪ ಆರುತ್ತದೆ. ಆದರೆ ಬೀಜಕಣಗಳ ಸುದ್ದಿಯನ್ನು ದೀಪ ಹೇಳದು. ಧಾನ್ಯ ಅಳೆಯುವವರು ಧೂಳಿನಿಂದ ಉಬ್ಬಸಗೊಳ್ಳುವುದನ್ನು ರಾಮಜ್ಜಿನಿ ಎಂಬ ವೈದ್ಯನು 1700ರಲ್ಲಿಯೇ ಬರೆದಿದ್ದನು.

ಕಬ್ಬಿನ ಸಿಪ್ಪೆಯದೂ ಇದೇ ಕಥೆ. ಆಲೆಮನೆಯ ಒಲೆಗೆಂದು ಹಸಿಯಾಗಿಯೇ ಒಟ್ಟಿದ ರಾಶಿಯು ಒಳಗೆ ಕಾವೇರಿ, ಉಷ್ಣಪ್ರಿಯ ಸೂಕ್ಷ್ಮಜೀವಿಗಳಿಗೆ ನೆಲೆಯಾಗುತ್ತದೆ. ಅದರ ಧೂಳಿನಿಂದ ಬರುವ ಶ್ವಾಸಕೋಶದ ವ್ಯಾಧಿಯನ್ನು 1941ರಲ್ಲಿ ಅಮೆರಿಕದ ವೈದ್ಯರು ವರ್ಣಿಸಿದರು. ಬ್ಯಾಗಸೋಸಿಸ್ ಎಂದು ಅದರ ಹೆಸರು. ಬಿಸಿಲಿಗೆ ಹರಡಿ ಒಣಗಿಸಿದ ಸಿಪ್ಪೆಯಲ್ಲಿ ಈ ಅಪಾಯ ಬಹಳ ಕಡಿಮೆ.

ಹಾಗಾದರೆ ಎಷ್ಟು ಬೂಷ್ಟು ಅಪಾಯಕರ? ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ತೇವದ ಮನೆಗಳಲ್ಲಿ ಕೆಮ್ಮು, ಉಬ್ಬಸ, ಆಸ್ತಮಾಗಳು ಹೆಚ್ಚೆಂದು ಒಪ್ಪಿದರೂ, ಬೀಜಕಣಗಳಿಗೆ ಸುರಕ್ಷಿತವಾದ ಪ್ರಮಾಣವೊಂದನ್ನು ನಿಗದಿಮಾಡಲಿಲ್ಲ. ಆದುದರಿಂದ ಗಾಳಿಯನ್ನು ಶೇಖರಿಸಿ ಕಣಗಳನ್ನು ಎಣಿಸುವ ದುಬಾರಿಯ ಪರೀಕ್ಷೆಗಿಂತ ಕಣ್ಣು ಮತ್ತು ಮೂಗನ್ನು ನಂಬುವುದೇ ಲೇಸು. ಮೂಗಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಮನೆಯವರಿಗೆ ಮುಗ್ಗಲು ವಾಸನೆ ರೂಢಿಯಾಗಿಬಿಟ್ಟಿರುತ್ತದೆ, ಹೊರಗಿನಿಂದ ಬಂದ ನೆಂಟನನ್ನು ಕೇಳಬೇಕು. ಕಂಡ ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಿದರೆ ಕಣಗಳು ಕೋಣೆಯನ್ನೆಲ್ಲ ತುಂಬುತ್ತವೆ. ಮೂಗಿಗೆ ಬಟ್ಟೆ ಕಟ್ಟಿ, ಕಿಟಕಿ ತೆರೆದು, ಸೋಪಿನ ನೀರಿನಿಂದ ಒದ್ದೆಮಾಡಿ ಒರಸಿ, ಗೋಡೆ ಪೂರ್ತಿ ಒಣಗಿದಮೇಲೆ ಸುಣ್ಣ ಬಳಿಯಬೇಕು.