ಉಪ್ಪಿನ ಚೀಲವೂ ಮುಳುಗಿದ ಬೆಕ್ಕೂ

ನೀರಿಗೆ ಬಿದ್ದು ಸತ್ತಂತಾದ ನೊಣವನ್ನು ಎತ್ತಿ ಉಪ್ಪಿನಲ್ಲಿ ಮುಚ್ಚಿಡಿ. ಕೆಲ ಹೊತ್ತಿಗೆ ಕಾಲಾಡಿಸುತ್ತದೆ, ರೆಕ್ಕೆ ಒರೆಸಿಕೊಳ್ಳುತ್ತದೆ, ಹಾರಿಹೋಗುತ್ತದೆ. ಇದು ಸುಳ್ಳಲ್ಲ. ಸುಳ್ಳಾಗಿದ್ದರೆ ಚೆನ್ನಾಗಿತ್ತು; ಯಾರಾದರೂ ಮಾಡಿ ನೋಡಿ, ಆಗಲಿಲ್ಲವೆಂದು ಕೈಬಿಡುತ್ತಿದ್ದರು. ಆಗುವುದರಿಂದಲೇ ಈ ವಿಡಿಯೊ ವರ್ಷಗಟ್ಟಲೆ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿದೆ, ಕೆಳಗೊಂದು ಸಾಲು ಅಂಟಿಸಿಕೊಂಡು: ಮುಳುಗಿದ ಮನುಷ್ಯನನ್ನೂ ಹೀಗೇ ಬದುಕಿಸಬಹುದು.

2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯ ಸಿರಿವಾರದಲ್ಲಿ ನೀರಲ್ಲಿ ಮುಳುಗಿ ಸತ್ತ ಹುಡುಗನನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿ ಕಾದರು. 2023ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ಮತ್ತೆ ಅದೇ, ಈ ಸಲ ಇಬ್ಬರು ಮಕ್ಕಳು. ಆ ತಂದೆತಾಯಂದಿರ ಮೇಲೆ ನನಗೆ ಸಿಟ್ಟಿಲ್ಲ. ವಿಡಿಯೊ ಕಳಿಸಿದವರ ಮೇಲೆ ಇದೆ.

ಮಕ್ಕಳ ವಿಷಯದಲ್ಲೇ ಹೀಗಾದರೆ ಬೆಕ್ಕಿನ ಪಾಡು ಕೇಳಬೇಕೆ? ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಬೆಕ್ಕು ನೀರಿಗೆ ಬೀಳಲು ಮಲಪ್ರಭೆಯೇ ಬೇಕಿಲ್ಲ. ಕಟ್ಟೆಯಿಲ್ಲದ ಬಾವಿಗಳಿವೆ, ನೀರು ತುಂಬಿಟ್ಟ ಬ್ಯಾರಲ್‌ಗಳಿವೆ, ಹೊಲಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳಿವೆ. ಆ ಹಾಳೆಯ ಮೇಲೆ ಉಗುರು ನಿಲ್ಲುವುದಿಲ್ಲ. ಈಜು ಬರುವ ಬೆಕ್ಕೂ ಹತ್ತಲಾರದೆ ಸುತ್ತಿ ಸುತ್ತಿ ಸೋಲುತ್ತದೆ. (ಹೊಂಡದ ಅಂಚಿಗೊಂದು ಹಳೆಯ ಹಗ್ಗವನ್ನೋ ಗೋಣಿತಾಟನ್ನೋ ಕಟ್ಟಿ ನೀರಿಗೆ ಇಳಿಬಿಟ್ಟರೆ ಮುಂದಿನ ಯಾವ ತಾಪತ್ರಯವೂ ಇಲ್ಲ. ಇದನ್ನು ಮಾತ್ರ ಯಾರೂ ವಿಡಿಯೊ ಮಾಡುವುದಿಲ್ಲ.) ಅಂಥ ಬೆಕ್ಕನ್ನು ಮೇಲೆತ್ತಿದ ಕೂಡಲೇ ಗುಂಪಿನಲ್ಲೊಬ್ಬರು ಕೂಗುತ್ತಾರೆ: “ಯಕ್ಕಾ, ಉಪ್ಪು ತಾ. ಉಪ್ಪಿನ್ಯಾಗ ಮುಚ್ಚಿದ್ರ ಜೀವ ಬರತೈತಿ.”

ಬರುವುದಿಲ್ಲ. ನೊಣಕ್ಕೆ ಶ್ವಾಸಕೋಶವೇ ಇಲ್ಲ. ಅದರ ಮೈಯ ಪಕ್ಕಗಳಲ್ಲಿ ಸಣ್ಣ ರಂಧ್ರಗಳಿವೆ. ಅಲ್ಲಿಂದ ಕವಲೊಡೆದ ಕೊಳವೆಗಳು ಗಾಳಿಯನ್ನು ನೇರವಾಗಿ ಒಳಗಿನ ಅಂಗಾಂಗಗಳಿಗೆ ಮುಟ್ಟಿಸುತ್ತವೆ. ನೀರಲ್ಲಿ ಆಮ್ಲಜನಕ ಸಿಗದಾದಾಗ ನೊಣ ಸಾಯುವುದಿಲ್ಲ, ಮರಗಟ್ಟಿದಂತೆ ಬಿದ್ದಿರುತ್ತದೆ. ಗಂಟೆಗಳ ನಂತರವೂ ಮೈ ಒಣಗಿ ರಂಧ್ರ ತೆರೆದರೆ ಮತ್ತೆ ಏಳುತ್ತದೆ. ಉಪ್ಪು ಅಲ್ಲಿ ಮಾಡುವುದು ನೀರು ಹೀರುವ ಕೆಲಸವನ್ನಷ್ಟೇ. ಒಲೆಯ ಒಣ ಬೂದಿಯೂ ಅದನ್ನೇ ಮಾಡುತ್ತದೆ, ಸುಮ್ಮನೆ ಬಿಸಿಲೂ ಮಾಡುತ್ತದೆ. ಸತ್ತದ್ದು ಬದುಕಿದ್ದಲ್ಲ, ಸಾಯದ್ದು ಎದ್ದದ್ದು.

ಬೆಕ್ಕಿನದು ಬಿಸಿರಕ್ತ, ನಮ್ಮ ಹಾಗೆಯೇ. ಆಮ್ಲಜನಕ ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳು ಹಾಳಾಗತೊಡಗುತ್ತದೆ. ಚರ್ಮದ ಮೇಲೆ ಸುರಿದ ಉಪ್ಪು ಶ್ವಾಸಕೋಶದೊಳಗಿನ ನೀರನ್ನು ಎಳೆದು ತೆಗೆಯುವ ದಾರಿಯೇ ಇಲ್ಲ. ಉಪ್ಪು ಹುಡುಕಲು ಹೋದ ಹೊತ್ತು ಮಾತ್ರ ಹೋಗಿಯೇ ಹೋಗುತ್ತದೆ. ಆಮೇಲೆ ಬೆಕ್ಕು ಹೇಗೋ ಉಳಿದರೂ ಮೈಗಂಟಿದ ಉಪ್ಪನ್ನೆಲ್ಲ ನೆಕ್ಕುತ್ತದೆ, ಅತಿಯಾದ ಉಪ್ಪು ಅದಕ್ಕೆ ವಿಷ. “ನಮ್ಮ ಬೆಕ್ಕು ಉಪ್ಪಿನಿಂದಲೇ ಉಳೀತ್ರಿ” ಎನ್ನುವವರೂ ಸಿಗುತ್ತಾರೆ. ಆ ಬೆಕ್ಕು ಮೊದಲೇ ಸಣ್ಣಗೆ ಉಸಿರಾಡುತ್ತಿತ್ತು. ಉಪ್ಪಿದ್ದರೂ ಇಲ್ಲದಿದ್ದರೂ ಏಳುತ್ತಿತ್ತು.

ಉಪ್ಪಿನ ತಮ್ಮನೊಬ್ಬನಿದ್ದಾನೆ: ಹಿಂಗಾಲು ಹಿಡಿದು ತಲೆಕೆಳಗಾಗಿ ಬೀಸುವುದು. ಬಾಯಿಂದ ನೀರು ಸುರಿಯುತ್ತದೆ, ನೋಡುವವರಿಗೆ ಸಮಾಧಾನವಾಗುತ್ತದೆ. ಆ ನೀರು ಬಹುಪಾಲು ಹೊಟ್ಟೆಯದು, ಬರುವಾಗ ಶ್ವಾಸನಾಳಕ್ಕೂ ಇಳಿಯುತ್ತದೆ.

ಮಾಡಬೇಕಾದದ್ದು ಬೇರೆ. ಅಲುಗಾಡಿಸಿದರೆ ಸ್ಪಂದನೆಯಿಲ್ಲ, ಎದೆ ಏರಿಳಿಯುತ್ತಿಲ್ಲವೆಂದರೆ ನಾಡಿ ಹುಡುಕುತ್ತ ಕೂರಬೇಡಿ. ಗಟ್ಟಿ ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ನಾಲಿಗೆ ಮುಂದಕ್ಕೆಳೆದು, ಬಾಯಲ್ಲಿ ಕಸ, ಲೋಳೆ ಇದ್ದರೆ ಬಟ್ಟೆಯಿಂದ ತೆಗೆಯಿರಿ. ನಂತರ ಬಾಯಿ ಮುಚ್ಚಿ ಹಿಡಿದು, ಕತ್ತು ನೆಟ್ಟಗೆ ಮಾಡಿ, ಮೂಗಿಗೆ ಉಸಿರು ಕೊಡಬೇಕು. ಬಾಯಿಗಲ್ಲ, ಸಿನಿಮಾದಲ್ಲಿ ನೋಡಿದ್ದು ಇಲ್ಲಿ ನಡೆಯುವುದಿಲ್ಲ. ಎರಡೂ ಹೊಳ್ಳೆಗಳನ್ನು ನಿಮ್ಮ ತುಟಿಯಿಂದ ಮುಚ್ಚಿ, ಎದೆ ತುಸು ಉಬ್ಬುವಷ್ಟೇ ಊದಿ. ನಿಮ್ಮ ಕೆನ್ನೆಯಲ್ಲಿ ಹಿಡಿಯುವ ಗಾಳಿ ಸಾಕು, ಎದೆ ತುಂಬಿ ಊದಿದರೆ ಅದರ ಶ್ವಾಸಕೋಶ ಹರಿಯಬಹುದು. ಎದೆ ಒತ್ತುವ ಜಾಗ ಮುಂಗಾಲಿನ ಮೊಣಕೈ ಮಡಿಸಿದಾಗ ಎದೆಗೆ ತಾಗುವಲ್ಲಿ. ಹೆಬ್ಬೆರಳು ಒಂದು ಬದಿ, ಉಳಿದ ಬೆರಳು ಇನ್ನೊಂದು ಬದಿ ಬರುವಂತೆ ಎದೆಯನ್ನು ಹಿಡಿದು, ಮೂರನೇ ಒಂದರಿಂದ ಅರ್ಧದಷ್ಟು ಒಳಹೋಗುವಂತೆ ಒತ್ತಿ ಪೂರ್ತಿ ಬಿಡಬೇಕು, ನಿಮಿಷಕ್ಕೆ 100ರಿಂದ 120 ಸಲ. ಮೂವತ್ತು ಒತ್ತು, ಎರಡು ಉಸಿರು. ಎರಡು ನಿಮಿಷಕ್ಕೊಮ್ಮೆ ಉಸಿರು ಬಂತೇ ನೋಡಿ, ಒತ್ತುವ ಕೈ ಬದಲಿಸಿ. ಅಷ್ಟರಲ್ಲಿ ಇನ್ನೊಬ್ಬರು ತಾಲ್ಲೂಕಿನ ಪಶು ಆಸ್ಪತ್ರೆಗೋ ಪಶು ಸಹಾಯವಾಣಿ 1962ಕ್ಕೋ ಫೋನ್ ಮಾಡಲಿ. ಬೀದಿ ಬೆಕ್ಕು, ನಾಯಿ ಕಚ್ಚಿದ ಗುಮಾನಿಯಿದೆ ಎಂದಾದರೆ ರೇಬಿಸ್ ಭಯಕ್ಕೆ ತುಟಿ ತಾಗಿಸದೆ ಎದೆಯಷ್ಟೇ ಒತ್ತಿ.

ಇಷ್ಟು ಮಾಡಿದರೆ ಬದುಕಿಯೇ ಬಿಡುತ್ತದೆಂದು ನಾನು ಹೇಳಲಾರೆ. ಆಸ್ಪತ್ರೆಯಲ್ಲೇ ಹೃದಯ ನಿಂತ ಬೆಕ್ಕುಗಳಲ್ಲೂ ಮನೆಗೆ ಮರಳುವವು ಬಹಳ ಕಡಿಮೆ. ಉಪ್ಪಿನವರು ಮಾತ್ರ ನೂರಕ್ಕೆ ನೂರು ಭರವಸೆ ಕೊಡುತ್ತಾರೆ. ಜನ ಅವರ ಕಡೆಗೇ ಹೋಗುವುದು ಅದಕ್ಕೇ ಎಂದು ನನ್ನ ಅನುಮಾನ. ಇದೇ ಊರುಗಳಲ್ಲಿ ಬಿತ್ತನೆ ಬೀಜ ಕೊಳ್ಳುವ ರೈತ ಕಂಪನಿ ಯಾವುದು, ಹೋದ ಸಲ ಯಾರ ಹೊಲದಲ್ಲಿ ಹೇಗೆ ಬಂತು ಎಂದು ಹತ್ತು ಕಡೆ ವಿಚಾರಿಸುತ್ತಾನೆ. ಮೊಬೈಲಿಗೆ ಬಂದ ಮಾತಿಗೆ ಒಂದೇ ಒಂದು ಪ್ರಶ್ನೆಯಿಲ್ಲ.

ಇಂಥ ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಫಿಟ್ಸ್ ಬಂದಾಗ ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದರಿಂದ ಬೆಕ್ಕಿಗೂ ಉಪಯೋಗವಿಲ್ಲ, ಮನುಷ್ಯರಿಗೂ ಇಲ್ಲ. ವಿಷ ತಿಂದು ಎಚ್ಚರ ತಪ್ಪಿದ ಬೆಕ್ಕಿನ ಬಾಯಿಗೆ ಸುರಿದ ಹಾಲು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರಕ್ಕೆಂದು ಕೊಟ್ಟ ಅರ್ಧ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕನ್ನು ಕೊಲ್ಲಬಹುದು. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧವೂ ಅಷ್ಟೇ. ಬಾಯಿ ತೆರೆದು ತೇಕುವ ಬೆಕ್ಕಿಗೆ ನಾಯಿಯಂತೆ ಸೆಕೆಯಾಗಿದೆ ಎಂದು ಸುಮ್ಮನಿರಬೇಡಿ, ಅದು ಆಪತ್ತಿನ ಲಕ್ಷಣ. ಬೆಕ್ಕಿನ ಉಸಿರು ತಾಗಿದರೆ ದಮ್ಮು ಬರುತ್ತದೆಂದು ಹಿಂಜರಿಯುವವರಿಗೆ: ಒಗ್ಗದವರಿಗೆ ಒಗ್ಗದಿರುವುದು ಅದರ ಜೊಲ್ಲು, ಚರ್ಮದಲ್ಲಿರುವ ಪ್ರೋಟೀನು, ಉಸಿರಲ್ಲ.

ಕಣ್ಣು ಬಿಟ್ಟು ಎದ್ದು ಓಡಾಡಿದರೆ ಮುಗಿಯಿತು ಅನ್ನುವುದೂ ತಪ್ಪು. ಮುಳುಗೆದ್ದ ಬೆಕ್ಕಿನ ಶ್ವಾಸಕೋಶ ಒಂದು ದಿನದೊಳಗೆ ಮತ್ತೆ ತೊಂದರೆ ಕೊಡಬಹುದು. ಒಣ ಟವೆಲಿನಲ್ಲಿ ಸುತ್ತಿ ಬೆಚ್ಚಗಿಡಿ, ಮಲಗಿದಾಗ ಎದೆ ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆಂದು ಎಣಿಸಿ. ಮೂವತ್ತರೊಳಗಿದ್ದರೆ ಸರಿ. ನಲವತ್ತು ದಾಟಿದರೆ ರಾತ್ರಿಯಾದರೂ ಡಾಕ್ಟರ ಹತ್ತಿರ ಹೊರಡಿ, ಗಾಳಿಯಾಡುವ ಬುಟ್ಟಿಯಲ್ಲಿಟ್ಟುಕೊಂಡು, ಗೋಣಿಚೀಲದಲ್ಲಲ್ಲ.